ಕರ್ನಲ್ ಕೈಪಿಡಿ ಪ್ಯಾಕೇಜಿನೊಳಗೆ ಬಂದದ್ದು ಹೇಗೆ

ಲಿನಕ್ಸ್ ಆಧರಿಸಿದ ಡೆಬಿಯನ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅದರ ತಿರುಳಾದ ಕರ್ನಲ್ ಅನ್ನು ತಾವೇ ಕಂಪೈಲ್ ಮಾಡಲು (ಮೂಲ ಸಂಹಿತೆಯಿಂದ ಕಟ್ಟಿಕೊಳ್ಳಲು) ಹೊರಟವರಿಗೆ ಇಂದು ಸಿಗುವ ಸೂಚನೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಕಡೆ ‘ಮೇಕ್-ಕೆಪಿಕೆಜಿ’ ಎಂಬ ಆಜ್ಞೆಯಿದ್ದರೆ, ಇನ್ನೊಂದು ಕಡೆ ‘ಮೇಕ್ ಡೆಬ್-ಪಿಕೆಜಿ’, ಮತ್ತೊಂದು ಕಡೆ ‘ಮೇಕ್ ಬಿನ್‌ಡೆಬ್-ಪಿಕೆಜಿ’ ಎಂದಿರುತ್ತದೆ. ಮೂರೂ ತಂತಮ್ಮ ಕಾಲಕ್ಕೆ ಸರಿಯಾದ ಉತ್ತರಗಳೇ. ಯಾವುದು ಯಾವ ಆವೃತ್ತಿಗೆ ಎಂಬ ಗುರುತು ಅಳಿಸಿಹೋದದ್ದರಿಂದ ಗೊಂದಲ ಹುಟ್ಟಿದೆ.

1991ರಲ್ಲಿ ಲಿನಕ್ಸ್, 1993ರಲ್ಲಿ ಡೆಬಿಯನ್ ಬಂದವು. ಆ ದಶಕದಲ್ಲಿ ಮನೋಜ್ ಶ್ರೀವಾಸ್ತವ ಅವರು ರೂಪಿಸಿದ ‘ಮೇಕ್-ಕೆಪಿಕೆಜಿ’ ಉಪಕರಣವೇ ಬಹುಕಾಲ ರಾಜಮಾರ್ಗವಾಗಿತ್ತು. ಮುಂದೆ ಪ್ಯಾಕೇಜ್ (ಸುಲಭವಾಗಿ ಸ್ಥಾಪಿಸಬಲ್ಲ ಕಟ್ಟು) ತಯಾರಿಸುವ ಸೌಲಭ್ಯ ಕರ್ನಲ್‌ನ ಮೂಲ ಸಂಹಿತೆಯಲ್ಲೇ ಸೇರಿತು, 2015ರ 4.3ನೇ ಆವೃತ್ತಿಯಲ್ಲಿ ಬೈನರಿ (ಓಡಲು ಸಿದ್ಧವಾದ) ಪ್ಯಾಕೇಜನ್ನಷ್ಟೇ ಕಟ್ಟುವ ‘ಬಿನ್‌ಡೆಬ್-ಪಿಕೆಜಿ’ಯೂ ಬಂದಿತು.

ಈ ಕಥೆಯ ನಿಜವಾದ ತಿರುವು 2005ರದು. ಆ ವರ್ಷ ಬಿಡುಗಡೆಯಾದ ಡೆಬಿಯನ್ 3.1ರಲ್ಲಿ ಒಂದೊಂದು ಪ್ರೊಸೆಸರ್ ಬಗೆಗೂ ಕರ್ನಲ್ ಪ್ಯಾಕೇಜಿನ ಪ್ರತ್ಯೇಕ ಮೂಲಗಳಿದ್ದವು. ಅನಂತರ ಕರ್ನಲ್‌ನ 2.6.12ನೇ ಆವೃತ್ತಿಯಿಂದ ಅವೆಲ್ಲ ಒಂದೇ ಮೂಲವಾದವು, ‘ಕರ್ನಲ್-ಇಮೇಜ್’ ಎಂಬ ಹೆಸರು ಹೋಗಿ ‘ಲಿನಕ್ಸ್-ಇಮೇಜ್’ ಎಂದಾಯಿತು. ಕೆಲಸ ಹಗುರವಾಯಿತು, ಆದರೆ ಹಳೆಯ ಸೂಚನೆಗಳಲ್ಲಿದ್ದ ಹೆಸರುಗಳು ಯಾವುದಕ್ಕೂ ಹೊಂದದಂತಾದವು. ಕರ್ನಲ್ ಕಟ್ಟುವ ಬಗೆಯನ್ನೂ ತಿಳಿಸುವ, ಡೆಬಿಯನ್‌ನ ಕರ್ನಲ್ ತಂಡದ ಕೈಪಿಡಿ ‘ಡೆಬಿಯನ್-ಕರ್ನಲ್-ಹ್ಯಾಂಡ್‌ಬುಕ್’ ಎಂಬ ಪ್ಯಾಕೇಜಾಗಿಯೂ ದೊರೆಯುವುದರ ಮಹತ್ವ ತಿಳಿಯುವುದು ಈ ಹಿನ್ನೆಲೆಯಲ್ಲೇ.

ಪ್ಯಾಕೇಜ್ ಆದೊಡನೆ ಬರಹಕ್ಕೂ ಆವೃತ್ತಿ ಸಂಖ್ಯೆ ಬರುತ್ತದೆ, ಬದಲಾವಣೆಗಳ ದಾಖಲೆ ಬರುತ್ತದೆ, ತಪ್ಪು ಕಂಡವರು ದೂರು ದಾಖಲಿಸಲು ಒಂದು ನೆಲೆ ಸಿಗುತ್ತದೆ. ಅದರ ಪರವಾನಗಿಯನ್ನೂ ತಂತ್ರಾಂಶದಷ್ಟೇ ಕಟ್ಟುನಿಟ್ಟಾಗಿ ನೋಡಲಾಗುತ್ತದೆ. ಗ್ನೂ ದಾಖಲೆ ಪರವಾನಗಿಯಡಿಯ ಬರಹಗಳಲ್ಲಿ ತಿದ್ದಲಾಗದ ಭಾಗಗಳಿಲ್ಲದಿದ್ದರೆ ಮಾತ್ರ ಅವು ಮುಕ್ತ ಎಂದು ಡೆಬಿಯನ್ 2006ರಲ್ಲಿ ಮತ ಹಾಕಿಯೇ ತೀರ್ಮಾನಿಸಿತು. ಎಲ್ಲಕ್ಕಿಂತ ಮಿಗಿಲಾಗಿ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇಲ್ಲದ ಕಾರಣಕ್ಕೇ ಕರ್ನಲ್ ಕಟ್ಟಬೇಕಾಗಿ ಬಂದವರಿಗೆ ಡಿಸ್ಕಿನಲ್ಲಿರುವ ಪ್ರತಿಯೊಂದೇ ಆಸರೆ.

ಆದರೆ ಸ್ಥಿರ ಬಿಡುಗಡೆಯೊಂದಿಗೆ ಪಠ್ಯವೂ ಹೆಪ್ಪುಗಟ್ಟುತ್ತದೆ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊರಬಂದರೆ, ಹೊಸ ಕರ್ನಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಬ್ಯಾಕ್‌ಪೋರ್ಟ್ಸ್ (ಸ್ಥಿರ ಬಿಡುಗಡೆಗೆ ಹೊಸ ಆವೃತ್ತಿಗಳನ್ನು ಒದಗಿಸುವ ಸಂಗ್ರಹ) ಮೂಲಕ ಹೊಸ ಕರ್ನಲ್ ಹಾಕಿಕೊಂಡವರ ಕೈಯಲ್ಲಿ ಹಳೆಯ ಕೈಪಿಡಿಯೇ ಉಳಿಯುತ್ತದೆ.

ಕೈಪಿಡಿಯಲ್ಲಿ ಒಂದು ಸಾಲು ಇಲ್ಲದಿದ್ದರೆ ಎಷ್ಟು ದುಬಾರಿ ಎಂಬುದಕ್ಕೆ ಉದಾಹರಣೆಯಿದೆ. ಡೆಬಿಯನ್‌ನ ಕಾನ್ಫಿಗ್ ಕಡತವನ್ನು (ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಪಟ್ಟಿಯನ್ನು) ನಕಲು ಮಾಡಿಕೊಂಡು ಮೂಲ ಲಿನಕ್ಸ್ ಸಂಹಿತೆಯನ್ನು ಕಟ್ಟಹೊರಟರೆ, ಡೆಬಿಯನ್‌ನ ಪ್ರಮಾಣಪತ್ರಗಳ ಕಡತ ಸಿಗಲಿಲ್ಲವೆಂದು ಕಂಪೈಲ್ ನಿಂತುಬಿಡಬಹುದು. ಆ ಕಡತ ಮೂಲ ಸಂಹಿತೆಯಲ್ಲಿ ಇರುವುದೇ ಇಲ್ಲ. ವಿಶ್ವಾಸಾರ್ಹ ಕೀಲಿಗಳ ಹೆಸರಿರುವ ಆಯ್ಕೆಯಲ್ಲಿ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವನ್ನು ಅಳಿಸಿದರೆ ಕೆಲಸ ಮುಂದುವರಿಯುತ್ತದೆ. ಬಲ್ಲವರಿಗೆ ಇದು ಅರೆ ನಿಮಿಷದ ಕೆಲಸ. ಅರಿಯದವರಿಗೆ ಒಂದು ಸಂಜೆಯೇ ಕಳೆದುಹೋಗುತ್ತದೆ.

ಸಂಹಿತೆಯ ದೋಷ ಬಿಡುಗಡೆಯನ್ನೇ ತಡೆಯಬಲ್ಲದು; ಬರಹದ ದೋಷಕ್ಕೆ ಆ ತೂಕ ಸಿಗುವುದು ಅಪರೂಪ. ಪ್ಯಾಕೇಜುಗಳನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ ಡೆಬಿಯನ್‌ನಲ್ಲಿ ಇದ್ದೇ ಇದೆ. ಕೈಪಿಡಿಯ ಆಜ್ಞೆಗಳನ್ನು ಚಿಕ್ಕದೊಂದು ಕಾನ್ಫಿಗ್‌ನೊಂದಿಗೆ ಅದರಲ್ಲಿ ಓಡಿಸಿದರೆ, ಯಾವ ಸಾಲು ಕೆಟ್ಟಿದೆ ಎಂಬುದು ಓದುಗರಿಗಿಂತ ಮೊದಲೇ ತಂಡಕ್ಕೆ ಗೊತ್ತಾಗುತ್ತದೆ.