ಮಂಡಿ ಮುಚ್ಚಿದರೆ ರೈಟರ್ ಸಾಲ ತೀರಿಸಬೇಕಾ?

ಪ್ರಶ್ನೆ: ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಸಾಹುಕಾರರು ಬಾಗಿಲು ಹಾಕಿದ್ದಾರೆ, ಫೋನ್ ಎತ್ತುತ್ತಿಲ್ಲ. ದುಡ್ಡು ಬರಬೇಕಾದ ಬೆಳೆಗಾರರು ನಮ್ಮ ಮನೆಗೆ ಬಂದು, "ಚೀಟಿ ಬರೆದುಕೊಟ್ಟವನು ನೀನೇ ಅಲ್ವಾ?" ಅಂತಾರೆ. ನಾನು ಕೊಡಬೇಕಾ?

ಉತ್ತರ: ಬರೀ ಸಂಬಳಕ್ಕೆ ದುಡಿದಿದ್ದರೆ ಕೊಡಬೇಕಿಲ್ಲ. ಯಜಮಾನನ ಪರವಾಗಿ ಮಾಡಿದ ವ್ಯವಹಾರಕ್ಕೆ ಯಜಮಾನನೇ ಹೊಣೆ, ಬೇರೆ ಕರಾರು ಇಲ್ಲದಿದ್ದರೆ ನೌಕರನ ತಲೆಗೆ ಅದು ಬರುವುದಿಲ್ಲ. 1872ರ ಕರಾರು ಕಾಯ್ದೆಯ 230ನೇ ಕಲಂ ಹೇಳುವುದು ಇದನ್ನೇ. ಒಬ್ಬರದೇ ಮಂಡಿಯಾದರೆ ಅವರ ಸ್ವಂತ ಆಸ್ತಿಯೂ ಸಾಲಕ್ಕೆ ಬರುತ್ತದೆ. ಪಾಲುದಾರಿಕೆಯಾದರೆ ಎಲ್ಲಾ ಪಾಲುದಾರರೂ ಹೊಣೆ. ಇಲ್ಲೊಂದು ವಿಷಯ ನೋಡಿಕೊಳ್ಳಿ: ನಂಬಿಕಸ್ಥ ಅಂತ ನಿಮ್ಮ ಹೆಸರನ್ನೂ ಪಾಲುದಾರಿಕೆ ಪತ್ರಕ್ಕೆ ಸೇರಿಸಿದ್ದರೆ ಕಥೆ ಬೇರೆ. ಲಾಭದಲ್ಲಿ ಒಂದು ಪೈಸೆ ಕಾಣದಿದ್ದರೂ ದುಡ್ಡು ಬರಬೇಕಾದವರ ಎದುರು ನೀವೂ ಪಾಲುದಾರರೇ.

ಇನ್ನು ಆ ಚೀಟಿ. ಮಂಡಿಯ ಹೆಸರು ಅಚ್ಚಾದ ಹಾಳೆ, ಅದರಲ್ಲಿ ರಾಶಿ ಇಷ್ಟು ಚೀಲ, ಬೆಟ್ಟೆ ಇಷ್ಟು (ಎರಡೂ ಅಡಿಕೆಯ ಬಗೆಗಳು), ತೂಕ ಇಷ್ಟು ಅಂತ ಬರೆದು, ಕೆಳಗೆ ಮಂಡಿಯ ಪರವಾಗಿ ನಿಮ್ಮ ಸಹಿ. ಅಡಿಕೆ ಮಂಡಿಗೆ ಬಂದಿತ್ತು ಎನ್ನುವುದಕ್ಕೆ ಅದು ಸಾಕ್ಷಿ ಅಷ್ಟೆ. ಬಂದವರಿಗೆ ಇದನ್ನೇ ಹೇಳಿ. ಕೋರ್ಟಿನಲ್ಲಿ ಅವರಿಗೆ ನೀವು ಸಾಲಗಾರರಾಗಿ ಅಲ್ಲ, ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತೀರಿ. ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಮಾತ್ರ ಅವಕಾಶ. ನಿಮ್ಮ ಮನೆ ಜಗಲಿಯಲ್ಲಿ ಕೂತು ಅದನ್ನು ಕಳೆದುಕೊಂಡರೆ ನಷ್ಟ ಅವರಿಗೇ.

ನನಗೆ ಜಾಸ್ತಿ ಭಯ ಚೆಕ್ಕಿನದು. ಸಾಹುಕಾರರು ಊರಲ್ಲಿಲ್ಲದಾಗ ಬೇಕಾಗುತ್ತದೆ ಅಂತ ರೈಟರಿಗೂ ಬ್ಯಾಂಕಿನಲ್ಲಿ ಸಹಿ ಅಧಿಕಾರ ಕೊಟ್ಟಿರುತ್ತಾರೆ. ಕೆಲಸ ಬಿಟ್ಟ ಮೇಲೂ ಸಹಿ ಹಾಕಿದ ಖಾಲಿ ಚೆಕ್ಕುಗಳು ಡ್ರಾಯರಿನಲ್ಲಿ ಉಳಿದಿರುತ್ತವೆ. ಯಾರೋ ಅದಕ್ಕೆ ತಾರೀಕು ಹಾಕಿ ಕೊಟ್ಟು, ಅದು ಬೌನ್ಸ್ ಆದರೆ 1881ರ ಚೆಕ್, ಪ್ರೋನೋಟು ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್) 138ನೇ ಕಲಂ ನೋಟಿಸು ಸಹಿ ಮಾಡಿದವರ ಹೆಸರಿಗೂ ಬರಬಹುದು. ಯಾರ ಪರವಾಗಿ ಅಂತ ಕಾಣಿಸದೆ ಸುಮ್ನೆ ಹೆಸರು ಗೀಚಿದ್ದರೆ ಇನ್ನೂ ಕಷ್ಟ. ಚೆಕ್, ಪ್ರೋನೋಟುಗಳಲ್ಲಿ ಹಾಗೆ ಮಾಡಿದವರು ಸ್ವಂತ ಹೊಣೆ ಹೊರಬೇಕು ಅಂತ 1881ರ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ನೀವು ಇಂಥ ತಾರೀಕಿನಿಂದ ಕೆಲಸದಲ್ಲಿಲ್ಲ ಅಂತ ಬ್ಯಾಂಕಿಗೆ ಇವತ್ತೇ ಪತ್ರ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನೋಟಿಸು ಬಂದರೆ ಮೂಲೆಗಿಡಬೇಡಿ. ಹಣ ಕೊಡಲು ಅದು ಕೊಡುವ ಗಡುವು 15 ದಿನ. ಅಷ್ಟರೊಳಗೆ ರಾಜೀನಾಮೆಯ ಪ್ರತಿ ಇಟ್ಟು ವಕೀಲರ ಮೂಲಕ ಉತ್ತರ ಕೊಡಿಸಿ.

ಮಂಡಿಯ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಹಾಕಿದ್ದರೆ ಕೆಲಸ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಬ್ಯಾಂಕು ಸಾಹುಕಾರರನ್ನು ಬಿಟ್ಟು ನೇರವಾಗಿ ನಿಮ್ಮನ್ನೇ ಕೇಳಬಹುದು. ಇನ್ನೊಂದು, ಜಾಮೀನು ಕಾಗದದಲ್ಲೇ ಇರಬೇಕು ಅಂತೇನಿಲ್ಲ, ಬಾಯಿಮಾತೂ ನಡೆಯುತ್ತದೆ. "ಹಾಕಿ ಭಟ್ರೇ, ದುಡ್ಡಿಗೆ ನಾನಿದ್ದೀನಿ" ಅಂದಿದ್ದು, ಆ ಮಾತಿನ ಮೇಲೇ ಅವರು ಅಡಿಕೆ ಹಾಕಿದ್ದರೆ ಅದನ್ನೂ ಜಾಮೀನು ಅಂತ ವಾದಿಸಬಹುದು. ಸಾಬೀತು ಮಾಡುವುದು ಸುಲಭವಲ್ಲ, ಆದರೂ ಈಗ ಹೊಸದಾಗಿ ಅಂಥ ಮಾತು ಆಡಬೇಡಿ. ಮುಖ ನೋಡಿ ಮರುಗಿ ಒಂದು ಸಾಲು ಬರೆದುಕೊಡುವುದಂತೂ ಬೇಡವೇ ಬೇಡ. ಬೆಳೆಗಾರರಿಗೆ ಕೊಡಬೇಕೆಂದು ನಿಮ್ಮ ಕೈಗೆ ಬಂದ ನಗದು ನಿಮ್ಮಲ್ಲೇ ಉಳಿದಿದ್ದರೆ ಮಾತ್ರ ಅದು ಸಾಲದ ಪ್ರಶ್ನೆಯಲ್ಲ, ಕ್ರಿಮಿನಲ್ ಕೇಸಿಗೇ ಹೋಗಬಹುದು.

ಅಂದ ಹಾಗೆ, ನಿಮ್ಮ ಸಂಬಳ ಬಾಕಿ ಇದೆಯಾ? ಇದ್ದರೆ ಸಾಹುಕಾರರಿಂದ ದುಡ್ಡು ಬರಬೇಕಾದವರ ಸಾಲಿನಲ್ಲಿ ನೀವೂ ಒಬ್ಬರು. ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು. ವಕೀಲರ ಫೀಸು ಹೊರೆಯಾದರೆ ಕೋರ್ಟ್ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ನೇಮಕದ ಪತ್ರ, ಸಂಬಳ ಜಮೆಯಾದ ಪಾಸ್‌ಬುಕ್, ಕೆಲಸ ಬಿಟ್ಟಿದ್ದಕ್ಕೆ ಒಂದು ವಾಟ್ಸಾಪ್ ಮೆಸೇಜ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.