ಕಂಠ ಇದ್ದರೆ ಮಾತ್ರ ಸಂಗೀತವಾ? ಒಂದು ಹಳೇ ಜಗಳದ ಹಿನ್ನೆಲೆ

"ಇವನಿಗೆ ಸಂಗೀತ ಹತ್ತುತ್ತಾ, ನೋಡಿ ಹೇಳಿ." ಸಂಗೀತ ಕಲಿಸುವವರಿಗೆ ಮೊದಲ ಪಾಠಕ್ಕೂ ಮುಂಚೆ ಎದುರಾಗುವ ಪ್ರಶ್ನೆ ಇದು. ಸಂಗೀತ ಹುಟ್ಟಿನಿಂದ ಬರುತ್ತದೋ, ಅಭ್ಯಾಸದಿಂದ ಬರುತ್ತದೋ ಎಂದು ವಿಜ್ಞಾನಿಗಳೂ ಇದನ್ನೇ ಹಿಡಿದು 150 ವರ್ಷದಿಂದ ಜಗಳ ಆಡುತ್ತಿದ್ದಾರೆ.

1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಪ್ರತಿಭೆ ರಕ್ತದಲ್ಲೇ ಬರುತ್ತದೆ ಎಂದು ವಾದಿಸಿದರು. ಸಂಗೀತಗಾರರ ಮನೆತನಗಳನ್ನೂ ಸಾಕ್ಷಿಗೆ ತಂದರು. ಆದರೆ ಅಂಥ ಮನೆಯಲ್ಲಿ ತೊಟ್ಟಿಲ ಮಗುವಿನ ಕಿವಿಗೂ ಸ್ವರ ಬೀಳುತ್ತಿರುತ್ತದೆ, ಅಲ್ವಾ? ಪಾಶ್ಚಾತ್ಯ ಸಂಗೀತದ ಹೆಸರಾಂತ ರಚನಕಾರ ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ. ಅದೇ ವರ್ಷ ಅವರ ತಂದೆ ಲಿಯೋಪೋಲ್ಡ್ ಪಿಟೀಲು ಕಲಿಸುವ ಪುಸ್ತಕ ಹೊರತಂದರು. ಮಗನಿಗೆ ಬಂದದ್ದರಲ್ಲಿ ರಕ್ತದ ಪಾಲೆಷ್ಟು, ಪಾಠದ ಪಾಲೆಷ್ಟು?

1919ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಸೀಶೋರ್ ಇದನ್ನು ಅಳೆಯಲು ಹೊರಟರು. ಗ್ರಾಮಫೋನ್‌ನಲ್ಲಿ ಎರಡು ಸ್ವರ ಕೇಳಿಸಿ, ಎರಡನೆಯದು ಮೇಲಿನದೋ ಕೆಳಗಿನದೋ ಎಂದು ಕೇಳುವಂಥ ಪರೀಕ್ಷೆಗಳು ಅವು. ಸ್ವರದ ವ್ಯತ್ಯಾಸ ಗುರುತಿಸಿದವರೆಲ್ಲ ಹಾಡುಗಾರರಾಗುವುದಿಲ್ಲ. ಆದರೂ ಕಲಿಯುವವರನ್ನು ಆರಿಸಲು ಈ ಪರೀಕ್ಷೆಗಳು ಬಳಕೆಯಾದವು. ಕಲಿಸುವ ಮೊದಲೇ ಬಾಗಿಲು ಹಾಕುವುದು ಅನ್ಯಾಯ ಎಂದೇ ನನಗನಿಸುತ್ತದೆ.

1993ರಲ್ಲಿ ಗಾಳಿ ತಿರುಗಿತು. ಮನೋವಿಜ್ಞಾನಿ ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸದ ಲೆಕ್ಕ ಹಾಕಿದರು. 18 ವರ್ಷ ತುಂಬುವಷ್ಟರಲ್ಲಿ ಅತ್ಯುತ್ತಮರು ಸರಾಸರಿ 7,400 ಗಂಟೆ ಒಬ್ಬರೇ ಕೂತು ನುಡಿಸಿದ್ದರು. ಸಂಗೀತ ಮೇಷ್ಟ್ರಾಗಲು ಓದುತ್ತಿದ್ದವರದು 3,400. ಮುಂದೆ 2008ರಲ್ಲಿ ಬಂದ ಜನಪ್ರಿಯ ಪುಸ್ತಕವೊಂದರಿಂದ "ಹತ್ತು ಸಾವಿರ ಗಂಟೆ" ಅಭ್ಯಾಸ ಮಾಡಿದರೆ ನಿಪುಣರಾಗಬಹುದು ಎಂಬ ಮಾತು ಮನೆಮಾತಾಯಿತು. ಎರಿಕ್‌ಸನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಆ ಸಂಖ್ಯೆ ಬರೀ ಸರಾಸರಿ. ಗಂಟೆಗಿಂತ ಅಭ್ಯಾಸದ ರೀತಿ ಅವರಿಗೆ ಮುಖ್ಯವಾಗಿತ್ತು.

ಏನದು ರೀತಿ? ಒಂದು ಸಾಲಿನಲ್ಲಿ ಪ್ರತಿ ಸಲ ಐದನೇ ಸ್ವರದಲ್ಲೇ ಬೆರಳು ಜಾರುತ್ತದೆ ಅಂದುಕೊಳ್ಳಿ. ಇಡೀ ಹಾಡನ್ನು ಸುಮ್ನೆ ಇಪ್ಪತ್ತು ಸಲ ನುಡಿಸಿದರೆ ಆ ಜಾರುವಿಕೆಯೇ ಗಟ್ಟಿಯಾಗುತ್ತದೆ. ನಾಲ್ಕು, ಐದು, ಆರನೇ ಸ್ವರ ಮಾತ್ರ ತೆಗೆದುಕೊಳ್ಳಬೇಕು. ತಪ್ಪಲು ಸಾಧ್ಯವೇ ಇಲ್ಲದಷ್ಟು ನಿಧಾನಕ್ಕೆ ನುಡಿಸಬೇಕು. ಸರಿಯಾದ ಮೇಲೆ ಹಿಂದಿನ ಸ್ವರ ಸೇರಿಸಬೇಕು, ಆಮೇಲೆ ಮುಂದಿನದು, ಕೊನೆಗೆ ವೇಗ. ಬೇಜಾರಿನ ಕೆಲಸ. ಆದರೆ ಗುರುಗಳು ತಿದ್ದುವುದು ಇಲ್ಲೇ.

2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಸುಮಾರು 21 ಶೇಕಡಾ ಮಾತ್ರ ಅಭ್ಯಾಸದ ಲೆಕ್ಕಕ್ಕೆ ಸಿಕ್ಕಿತು. ಉಳಿದದ್ದೆಲ್ಲ ಹುಟ್ಟುಗುಣ ಅಂತಲ್ಲ. ಶುರು ಮಾಡಿದ ವಯಸ್ಸು, ಸಿಕ್ಕ ಗುರು, ಆಸಕ್ತಿ ಎಲ್ಲವೂ ಅದರಲ್ಲಿ ಸೇರಿರಬಹುದು. ಅದೇ ವರ್ಷ ಸ್ವೀಡನ್ನಿನ ಅವಳಿಗಳ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ಜಾಸ್ತಿ ಅಭ್ಯಾಸ ಮಾಡುವ ಒಲವಿನಲ್ಲೂ ವಂಶವಾಹಿಯ ಪಾಲಿದೆ. ಅಂದರೆ ಜಗಳದ ಎರಡು ಪಕ್ಷಗಳೂ ಒಂದರೊಳಗೊಂದು ಬೆರೆತಿವೆ.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅದೇ ವರ್ಷ ಜಪಾನಿನಿಂದ ಬಂದ ವರದಿ. ಯಾವ ಆಧಾರಸ್ವರವೂ ಇಲ್ಲದೆ ಸ್ವರ ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಬರಬೇಕು ಎಂದು ತುಂಬಾ ಜನ ನಂಬಿದ್ದರು. ಅಯಾಕೊ ಸಾಕಾಕಿಬಾರ 2ರಿಂದ 6 ವರ್ಷದ 24 ಮಕ್ಕಳಿಗೆ ದಿನಾ ಸ್ವರಗುಚ್ಛ (ಒಟ್ಟಿಗೆ ನುಡಿಸುವ ಹಲವು ಸ್ವರ) ಕೇಳಿಸಿ ಅದನ್ನು ಕಲಿಸಿದರು. 22 ಮಕ್ಕಳಿಗೆ ಬಂತು. ಉಳಿದಿಬ್ಬರು ಮಧ್ಯದಲ್ಲೇ ಪಾಠ ಬಿಟ್ಟಿದ್ದರು.