ಉಸಿರು ಬಿಡಿ, ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ

ಪಿಲಾಟೀಸ್ ವ್ಯಾಯಾಮದ ತರಗತಿಯಲ್ಲಿ "ಉಸಿರು ಬಿಡಿ, ಉಸಿರು ಬಿಡಿ" ಎಂದು ಎಷ್ಟು ಸಲ ಕೂಗುತ್ತೇನೋ ಲೆಕ್ಕವಿಲ್ಲ. ಆದರೂ ಮ್ಯಾಟ್ ಮೇಲೆ ಮಲಗಿ ತಲೆ, ಭುಜ ಎತ್ತಿದ ಮರುಕ್ಷಣವೇ ಬಹುತೇಕರು ದವಡೆ ಬಿಗಿದು ಉಸಿರು ಕಟ್ಟಿಬಿಡುತ್ತಾರೆ. ಕತ್ತಿನ ನರ ಉಬ್ಬುತ್ತದೆ, ಮುಖ ಕೆಂಪೇರುತ್ತದೆ. ಯಾಕೆ ಹೀಗೆ ಎಂದರೆ, "ಹೊಟ್ಟೆ ಒಳಗೆ ಎಳ್ಕೊಳ್ಳಿ ಅಂತ ನೀವೇ ಹೇಳಿದ್ರಲ್ಲ ಮೇಡಂ" ಅನ್ನುತ್ತಾರೆ.

ಹೇಳಿದ್ದು ನಿಜ. ಆದರೆ ಹೊಟ್ಟೆ ಎಳೆದುಕೊಳ್ಳುವುದು ಬೇರೆ, ಉಸಿರು ಕಟ್ಟುವುದು ಬೇರೆ. ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಅಗಲವಾಗುತ್ತವೆ. ಉಸಿರನ್ನು ಕೊನೆತನಕ ಹೊರಹಾಕಿದಾಗ ವಪೆ ಮೇಲೇರುತ್ತದೆ, ಪಕ್ಕೆಲುಬು ಕೆಳಗಿಳಿಯುತ್ತವೆ, ಸೊಂಟಪಟ್ಟಿಯ ಹಾಗೆ ಹೊಟ್ಟೆಯನ್ನು ಸುತ್ತುವರಿದಿರುವ ಒಳಪದರದ ಸ್ನಾಯು ಬಿಗಿಯಾಗುತ್ತದೆ. ನಮಗೆ ಬೇಕಾದ್ದು ಈ ಬಿಗಿ. ಅದು ಉಸಿರು ಹೊರಹೋಗುವಾಗ ಬರುತ್ತದೆ, ಒಳಗೇ ಕೂಡಿಹಾಕಿದಾಗಲ್ಲ. ಉಸಿರು ಕಟ್ಟಿ ತಲೆ ಎತ್ತಿದರೆ ಒಳಗಿನ ಒತ್ತಡಕ್ಕೆ ದಾರಿಯೇ ಇರುವುದಿಲ್ಲ. ಅದು ಹೊಟ್ಟೆಯನ್ನು ಮುಂದಕ್ಕೆ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಕೆಳಕ್ಕೆ ದೂಡುತ್ತದೆ. ಹೊಕ್ಕುಳಿನ ಮೇಲೆ ನಟ್ಟನಡುವೆ ಹೊಟ್ಟೆ ದಿಣ್ಣೆಯಾಗಿ ಏಳುವುದನ್ನು ಪಕ್ಕದಲ್ಲಿ ನಿಂತವರು ಕಣ್ಣಾರೆ ನೋಡಬಹುದು. ಹೊಟ್ಟೆ ಕರಗಿಸಬೇಕೆಂದು ಬಂದವರು ಅದನ್ನು ಹೊರಕ್ಕೆ ತಳ್ಳುವ ಅಭ್ಯಾಸ ಮಾಡಿಕೊಂಡರೆ ನನಗೆ ಸಂಕಟವಾಗುತ್ತದೆ.

ಬೇಕಿದ್ದರೆ ಈಗಲೇ ನೋಡಿ. ಸೊಂಟದ ಮುಂದಿನ ಎರಡು ಎಲುಬುಗಳ ಒಳಬದಿಗೆ ಬೆರಳು ಒತ್ತಿಟ್ಟು, 'ಸ್...' ಎಂದು ಸದ್ದು ಮಾಡುತ್ತ ಉಸಿರು ಮುಗಿಯುವ ತನಕ ಬಿಡಿ. ಕೊನೆಯ ಭಾಗದಲ್ಲಿ ಬೆರಳಿನಡಿ ಏನೋ ಗಟ್ಟಿಯಾಗುತ್ತದಲ್ಲ, ಅದೇ ಆ ಸ್ನಾಯು.

ಉಸಿರೆಳೆಯುವಾಗ ಭುಜ ಕಿವಿಯತ್ತ ಏರಬಾರದು, ಗಾಳಿ ಪಕ್ಕೆಗಳಿಗೂ ಬೆನ್ನಿಗೂ ಹರಡಬೇಕು. ಎದೆಯ ಕೆಳಭಾಗಕ್ಕೆ ಟವೆಲ್ ಸುತ್ತಿ ಹಿಡಿದುಕೊಂಡರೆ ಅದು ಬಿಗಿಯಾಗುವುದು ತಿಳಿಯುತ್ತದೆ. ಯೋಗ ಮಾಡಿದವರು, ಹೊಟ್ಟೆ ಉಬ್ಬಿಸಿ ಉಸಿರೆಳೆಯುವುದು ತಪ್ಪೇ ಎಂದು ಕೇಳುತ್ತಾರೆ. ಖಂಡಿತ ತಪ್ಪಲ್ಲ. ವಿಶ್ರಾಂತಿಗೆ ಅದು ಬಹಳ ಒಳ್ಳೆಯದು. ಇಲ್ಲಿ ಕೈಕಾಲು ಚಲಿಸುತ್ತಿರುವಾಗ ಹೊಟ್ಟೆ ಸಡಿಲಬಾರದು, ಹಾಗಾಗಿ ಉಸಿರನ್ನು ಪಕ್ಕೆಗಳಿಗೆ ತಿರುಗಿಸುತ್ತೇವೆ, ಅಷ್ಟೆ.

ಈ ಪದ್ಧತಿ ಕಟ್ಟಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ಆಸ್ತಮಾದಿಂದ ನರಳಿದವರು. ಶ್ವಾಸಕೋಶ ಪೂರ್ತಿ ಬರಿದಾಗಬೇಕೆಂದು ಅವರು ಒತ್ತಿ ಹೇಳುತ್ತಿದ್ದರು. ಅವರ 'ಹಂಡ್ರೆಡ್' ವ್ಯಾಯಾಮದಲ್ಲಿ ಮಲಗಿ ತಲೆ, ಕಾಲು ಎತ್ತಿ, ತೋಳನ್ನು ಮೇಲೆ ಕೆಳಗೆ ಬಡಿಯುತ್ತ ಐದು ಎಣಿಕೆಗೆ ಉಸಿರೆಳೆದು ಐದಕ್ಕೆ ಬಿಡುತ್ತೇವೆ. ಹತ್ತು ಉಸಿರಿಗೆ ನೂರು. ಜನ ನೂರನ್ನು ಮುಗಿಸುತ್ತಾರೆ, ಉಸಿರನ್ನು ಮರೆಯುತ್ತಾರೆ.

ನನ್ನ ಬಳಿ ಬರುತ್ತಿದ್ದ ಶಿಕ್ಷಕಿಯೊಬ್ಬರು ಅಪಾರ ಶ್ರದ್ಧಾವಂತೆ. ಹಂಡ್ರೆಡ್ ಶುರುವಾದರೆ ಕಾಲ್ಬೆರಳು ಮುದುಡಿ, ಹಲ್ಲು ಕಚ್ಚಿ, ನೂರು ಮುಗಿಸಿಯೇ ಕತ್ತು ಹಿಡಿದುಕೊಳ್ಳುತ್ತಿದ್ದರು. ಒಂದು ದಿನ, "ಟೀಚರ್, ಉಸಿರು ಬಿಡುವಾಗ ಎಣಿಕೆ ಗಟ್ಟಿಯಾಗಿ ಹೇಳಿ" ಎಂದೆ. ಮಾತಾಡುತ್ತ ಉಸಿರು ಕಟ್ಟಲು ಯಾರಿಂದಲೂ ಆಗದು. ಮೂರಕ್ಕೆ ಅವರ ದನಿ ನಿಂತಿತು. ಚಾಚಿದ್ದ ಕಾಲು ಇಳಿಸಿ, ಮಂಡಿ ಮಡಿಸಿ, ಪಾದ ನೆಲಕ್ಕೂರಿಸಿದೆ. ಈಗ ದನಿ ಐದರವರೆಗೂ ಬಂತು. "ಇಷ್ಟು ದಿನ ಕತ್ತು ನೋಯ್ತಿತ್ತು, ಇವತ್ತು ಹೊಟ್ಟೆ ನೋಯ್ತಿದೆ!" ಎಂದು ಅವರು ಹಿಗ್ಗಿದ್ದೇ ಹಿಗ್ಗು.

ಒಂದು ಎಚ್ಚರಿಕೆ. ಉಸಿರು ಕಟ್ಟಿ ಬಲ ಹಾಕಿದಾಗ ರಕ್ತದೊತ್ತಡ ಏಕಾಏಕಿ ಏರುತ್ತದೆ. ಬಿಪಿ, ಗ್ಲಾಕೋಮಾ ಅಥವಾ ಹರ್ನಿಯಾ ಇರುವವರು, ಗರ್ಭಿಣಿಯರು, ಬಾಣಂತಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಿ, ಆಮೇಲೆ ಮ್ಯಾಟ್ ಹಾಸಿ. ಹಾಗೆಂದು ಬುಸುಬುಸು ಉಸಿರಾಡಲೂಬೇಡಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ. ಸುತ್ತಿದರೆ ತಲೆ ಕೆಳಗಿಟ್ಟು ಸಹಜವಾಗಿ ಉಸಿರಾಡಿ.

ಯಾವ ಚಲನೆಗೆ ಎಳೆಯಬೇಕು, ಯಾವುದಕ್ಕೆ ಬಿಡಬೇಕು ಎಂಬುದರಲ್ಲಿ ಶಿಕ್ಷಕರ ನಡುವೆಯೇ ಭಿನ್ನಾಭಿಪ್ರಾಯ ಇದೆ. ಸಾಮಾನ್ಯವಾಗಿ ಶ್ರಮ ಬೀಳುವ ಕಡೆ ಬಿಡಿ ಎನ್ನುತ್ತೇನೆ. ಮರೆತು ತಿರುಗಮುರುಗ ಮಾಡಿದರೆ ನಾನು ತಿದ್ದಲು ಅವಸರಪಡುವುದಿಲ್ಲ. ಉಸಿರು ನಿಂತರೆ ಮಾತ್ರ ವ್ಯಾಯಾಮವನ್ನೇ ನಿಲ್ಲಿಸಿ, ಇನ್ನೂ ಸುಲಭದ್ದನ್ನು ಕೊಡುತ್ತೇನೆ.